ಯಾರದೋ ಹೆಬ್ಬೆಟ್ಟು

ಮೊದಲ ದಿನ ಅವರಿಗೆ ಕುರ್ಚಿ ಹಾಕಿದವಳು ನಾನೇ. ನೀರು ಕೊಟ್ಟವಳೂ ನಾನೇ. ನೆನೆಸಿಕೊಂಡರೆ ಈಗಲೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಇಬ್ಬರು ಬಂದಿದ್ದರು. ಒಬ್ಬನಿಗಿಂತ ಮೊದಲು ಅವನ ಸೆಂಟು ಒಳಗೆ ಬಂತು. ಇನ್ನೊಬ್ಬ ಬಾಗಿಲಿಗೆ ಭುಜ ಕೊಟ್ಟು ನಿಂತ, ಕೊನೆಯವರೆಗೂ ಬಾಯಿ ಬಿಡಲಿಲ್ಲ. ಹೆಸರು ಹೇಳಲಿಲ್ಲ, ಕೇಳುವ ಧೈರ್ಯ ನಮಗಿರಲಿಲ್ಲ. ಆಮೇಲೆ ನಾನೂ ಅಮ್ಮನೂ ನಮ್ಮೊಳಗೆ ಒಬ್ಬನನ್ನು ಸೆಂಟು ಅಂದೆವು, ಇನ್ನೊಬ್ಬನನ್ನು ಕಂಬ ಅಂದೆವು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯವಳು, ಅಮ್ಮನೂ ಅಲ್ಲೇ ದುಡಿದವಳು. ಕಟ್ಟಡದ ಅಡಿಯಲ್ಲಿ ಆ ಕೋಣೆ. ಮೇಲಿನ ಆರು ಮಹಡಿಯ ಹಾಸು ಹೊದಿಕೆ ಎಲ್ಲ ತಗಡಿನ ಕೊಳವೆಯಲ್ಲಿ ಜಾರಿ ಕೆಳಗೆ ಬೀಳುತ್ತವೆ. ರಕ್ತದ್ದು ಒಂದು ಕಡೆ, ಮಲಮೂತ್ರದ್ದು ಒಂದು ಕಡೆ, ಬರೀ ಬೆವರಿನದು ಇನ್ನೊಂದು ಕಡೆ. ಕೈಯಲ್ಲೇ ಬೇರೆ ಮಾಡಬೇಕು. ಕೆಲವು ಸಲ ಹಾಸಿನ ಜೊತೆ ಸೂಜಿ ಬರುತ್ತದೆ, ಹಲ್ಲು ಬರುತ್ತದೆ. ಒಂದು ಸಲ ಒಂದು ಬೆರಳು ಬಂದಿತ್ತು. ಆರು ವರ್ಷದಲ್ಲಿ ನನಗೆ ಒಂದು ದಿನವೂ ಹೊಟ್ಟೆ ತೊಳಸಿದ್ದಿಲ್ಲ. ಅವನ ಸೆಂಟಿಗೆ ತೊಳಸಿತು.

ಅವನು ಕೂತು, ನೀರು ಕುಡಿದು, ಲೋಟವನ್ನು ನೆಲದ ಮೇಲಿಟ್ಟು, ಅಮ್ಮನಿಗೆ ಒಂದು ಕಾಗದ ಕೊಟ್ಟ. ಮೇಲೆ ತಕ್ಕಡಿಯ ಚಿತ್ರ. ಕೆಂಪು ಅಕ್ಷರದಲ್ಲಿ ಕೋರ್ಟು ಅಂತ ನಾಲ್ಕು ಕಡೆ. ಅಮ್ಮ ಹತ್ತು ವರ್ಷದ ಹಿಂದೆ ಸಾಲ ತೆಗೆದಿದ್ದಾಳೆ, ಸಾಲ ಕೊಟ್ಟ ಕಂಪನಿ ಅದನ್ನು ತಮಗೆ ಮಾರಿದೆ, ಬಡ್ಡಿ ಚಕ್ರಬಡ್ಡಿ ಸೇರಿ ಅರವತ್ತೆಂಟು ಸಾವಿರ ಆಗಿದೆ, ಹದಿನೈದು ದಿನದಲ್ಲಿ ಕಟ್ಟದಿದ್ದರೆ ಕೇಸು. ಇಷ್ಟನ್ನು ಅವನು ಬೀದಿಗೆ ಕೇಳುವ ಹಾಗೆ ಹೇಳಿದ. ಬಾಗಿಲು ಮುಚ್ಚಲು ಅಮ್ಮ ಎದ್ದಳು. ಕಂಬ ಅಲ್ಲಾಡಲಿಲ್ಲ.

ಸಾಲ ತೆಗೆದದ್ದು ನಿಜ. ಅಪ್ಪ ಹಾಸಿಗೆ ಹಿಡಿದ ವರ್ಷ ಅಮ್ಮ ಹತ್ತು ಸಾವಿರ ತೆಗೆದಿದ್ದಳು. ನಮ್ಮ ಕೋಣೆಯ ಗುತ್ತಿಗೆದಾರನ ಗುಮಾಸ್ತನೇ ಆ ಕಂಪನಿಯವರನ್ನು ಕರೆದುಕೊಂಡು ಬಂದಿದ್ದ. ಒಂದೂವರೆ ವರ್ಷ ಸಂಬಳದಲ್ಲಿ ಮುರಿದುಕೊಂಡರು. ತೀರಿತು ಅಂತ ಗುಮಾಸ್ತ ಬಾಯಲ್ಲಿ ಹೇಳಿದ. ಅಪ್ಪ ಅಷ್ಟರಲ್ಲಿ ಹೋಗಿದ್ದ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೆ. ರಸೀದಿ ಕೇಳಬೇಕು ಅಂತ ಯಾರಿಗೆ ಹೊಳೆಯಬೇಕು?

ಅಮ್ಮ ಅದನ್ನೇ ಹೇಳಿದಳು. ಸೆಂಟು ನಕ್ಕ.

"ತಿನ್ನೋವಾಗ ಸಿಹಿ, ಕೊಡೋವಾಗ ಕಹಿ. ತೀರಿಸಿದ್ದಕ್ಕೆ ಕಾಗದ ತೋರಿಸಮ್ಮ, ಈಗಲೇ ಎದ್ದು ಹೋಗ್ತೀನಿ."

ಕಾಗದ ಇರಲಿಲ್ಲ. ಅವನು ಮನೆಯನ್ನೆಲ್ಲ ಕಣ್ಣಲ್ಲಿ ತೂಗಿದ. ಮಂಚ, ಒಲೆ, ಗೋಡೆಯ ಹಲಗೆ, ಆಮೇಲೆ ನಾನು. ನನ್ನ ಮೇಲೆ ಕಣ್ಣು ನಿಲ್ಲಿಸಿ, ದುಡಿಯೋ ಮಗಳಿದ್ದಾಳೆ, ನಿಮಗೇನು ಕಮ್ಮಿ ಅಂದ. ನಾನು ನೆಲ ನೋಡಿದೆ.

ನನಗೆ ಗಟ್ಟಿಯಾಗಿ ಮಾತಾಡಲು ಬಾರದು. ನಮ್ಮ ಕೋಣೆಯಲ್ಲಿ ಯಂತ್ರಗಳ ಸದ್ದಿನಲ್ಲಿ ಮಾತಾಡಿ ಪ್ರಯೋಜನವೂ ಇಲ್ಲ. ಬಾಯಿ ಇಲ್ಲದವಳಿಗೆ ಕಣ್ಣು ಜಾಸ್ತಿ. ನಾನು ನೋಡಿದ್ದು ಇಷ್ಟು: ಕಾಗದದಲ್ಲಿ ವಕೀಲರ ಹೆಸರಿದೆ, ವಿಳಾಸ ಇಲ್ಲ, ಫೋನ್ ನಂಬರ್ ಮಾತ್ರ. ಮೊಹರು ಒತ್ತಿದ್ದಲ್ಲ, ಅಕ್ಷರಗಳ ಜೊತೆಗೇ ಅಚ್ಚಾದದ್ದು. ಇನ್ನೂ ಒಂದು. ಇಪ್ಪತ್ತಾರು ವರ್ಷ ದುಡಿದು, ಕೈ ಕೆಟ್ಟು, ಅಮ್ಮ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಗುತ್ತಿಗೆದಾರ ಎಪ್ಪತ್ತು ಸಾವಿರ ಕೊಟ್ಟು ಕೈ ತೊಳೆದುಕೊಂಡಿದ್ದ. ಅಮ್ಮನ ಮುಂದಿನ ಬದುಕೆಲ್ಲ ಅಷ್ಟೇ. ಅದು ಬ್ಯಾಂಕಿಗೆ ಬಂದು ಹನ್ನೆರಡು ದಿನಕ್ಕೆ ಇವರು ಬಂದಿದ್ದರು. ಎಪ್ಪತ್ತಿದ್ದಲ್ಲಿ ಅರವತ್ತೆಂಟು ಕೇಳಿದರು.

"ಎರಡು ಸಾವಿರ ಯಾಕೆ ಬಿಟ್ಟರು?" ಅಂತ ಆ ರಾತ್ರಿ ಊಟದ ಹೊತ್ತಿಗೆ ಕೇಳಿದೆ.

"ಹೆಣ ಎತ್ತೋಕೆ ಬೇಕಲ್ಲ, ಧರ್ಮಾತ್ಮರು," ಅಂದಳು ಅಮ್ಮ. ಆಮೇಲೆ ತಟ್ಟೆ ಸರಿಸಿದಳು.

ಮರುದಿನದಿಂದ ಫೋನು. ದಿನಕ್ಕೆ ಎಂಟು, ಹತ್ತು. ಮನೆ ಮಾಲೀಕರಿಗೂ ಮಾಡಿದರು. ಮಾಲೀಕರು ಮೆಟ್ಟಿಲಲ್ಲಿ ನನ್ನನ್ನು ತಡೆದು, ಪೊಲೀಸು ಗಿಲೀಸು ಬರೋದಿದ್ದರೆ ಮೊದಲೇ ಖಾಲಿ ಮಾಡಿ ಅಂದರು. ನೀರು ಹಿಡಿಯುವಲ್ಲಿ ಹೆಂಗಸರು ಅಮ್ಮನನ್ನು ಕಂಡು ಮಾತು ನಿಲ್ಲಿಸಿದರು. ಯಾವಾಗಲೂ ನನ್ನ ಊಟದ ಡಬ್ಬಿಯಲ್ಲಿ ಇಣುಕಿ ನೋಡುವ ಎದುರುಮನೆಯ ಅಜ್ಜಿ ಕೂಡ ತಲೆ ತಗ್ಗಿಸಿ ಹೋದಳು. ಕಾಯಿಲೆ ಬಂದರೆ ನೋಡಲು ಬರುವ ಜನ, ಸಾಲ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಕೆಲಸದಲ್ಲಿ ಯಾರಿಗೂ ಹೇಳಬೇಡ ಅಂತ ಅಮ್ಮ ಆಣೆ ಹಾಕಿಸಿದ್ದಳು. ಹೇಳಲಿಲ್ಲ. ಆದರೂ ಒಂದು ಬೆಳಿಗ್ಗೆ ಹಾಜರಿ ಹಾಕುವಾಗ ಗುಮಾಸ್ತ ತಲೆ ಎತ್ತದೆ ಕೇಳಿದ, "ಅಮ್ಮ ದುಡ್ಡು ಏನು ಮಾಡಿದಳು? ಬ್ಯಾಂಕಲ್ಲೇ ಇದೆಯಾ?" ನಾನು ಹೂಂ ಅಂದೆ. ಹೂಂ ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವನಿಗೇಕೆ?

ಒಂಬತ್ತನೇ ದಿನ ಅಮ್ಮ ಸೋತಳು. ಮಾನ ಉಳಿದರೆ ಸಾಕು, ದುಡ್ಡು ನಾಯಿ ತಿಂದಿತು ಅಂದುಕೊಳ್ಳೋಣ ಅಂದಳು. ನಾಯಿಗಾದರೂ ನಿಯತ್ತಿರುತ್ತದೆ ಅಂತ ನಾನು ಮನಸ್ಸಲ್ಲೇ ಅಂದೆ.

ಭಾನುವಾರ ಮಧ್ಯಾಹ್ನ ಮತ್ತೆ ಬಂದರು. ಈ ಸಲ ಕುರ್ಚಿ ನಾನು ಹಾಕಲಿಲ್ಲ, ಅವನೇ ಎಳೆದುಕೊಂಡ. ಧ್ವನಿಯಲ್ಲಿ ಬೆಣ್ಣೆ ಇತ್ತು. ಪೂರ್ತಿ ಇವತ್ತೇ ಬೇಡ, ಐದು ಸಾವಿರ ಕೊಟ್ಟು ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಕೇಸು ನಿಲ್ಲಿಸುತ್ತೇನೆ, ಉಳಿದದ್ದಕ್ಕೆ ಬುಧವಾರ ಬ್ಯಾಂಕಿಗೆ ನಾನೇ ಜೊತೆಗೆ ಬರುತ್ತೇನೆ ಅಂದ.

ನಾನು ಕಾಗದ ತೆಗೆದುಕೊಂಡು ಓದಿದೆ. ನಿಧಾನಕ್ಕೆ ಓದುತ್ತೇನೆ, ಬೆರಳಿಟ್ಟು. ಈ ಸಾಲ ನನ್ನದೇ, ಇಂದಿನವರೆಗೂ ತೀರಿಸಿಲ್ಲ, ಪೂರ್ತಿ ಕೊಡಲು ಒಪ್ಪಿದ್ದೇನೆ ಅಂತಿತ್ತು. ಕೇಸು ನಿಲ್ಲಿಸುವ ಮಾತು ಎಲ್ಲೂ ಇರಲಿಲ್ಲ.

"ಏನಮ್ಮ, ಲಾಯರು ಓದಿದೀಯಾ?"

"ಏಳನೇ ಕ್ಲಾಸು," ಅಂದೆ.

ಅವನು ಕಂಬದ ಕಡೆ ತಿರುಗಿ ನಕ್ಕ. ಕಂಬವೂ ನಕ್ಕಿತು. ಕಾಗದ ನನ್ನ ಕೈಯಿಂದ ಕಿತ್ತುಕೊಂಡು ಮಂಚದ ಮೇಲೆ ಹರಡಿದ. ಮಸಿಯ ಡಬ್ಬಿ ತೆಗೆದ. ಅಮ್ಮನ ಮಣಿಕಟ್ಟು ಹಿಡಿದ. ಕೇಳಲಿಲ್ಲ, ಹಿಡಿದ. ಕುರಿಯ ಕಾಲು ಹಿಡಿಯುವ ಹಾಗೆ.

ಹೆಬ್ಬೆರಳು ಮಸಿಗೆ ಒತ್ತಿದ, ಕಾಗದಕ್ಕೆ ಒತ್ತಿದ. ಒಂದು ಕಪ್ಪು ಕಲೆ ಬಿತ್ತು. ಮುದ್ದೆ ಕಲೆ.

"ಸರಿಯಾಗಿ ಒತ್ತು."

ಟವೆಲಿಗೆ ಒರೆಸಿ ಮತ್ತೆ ಒತ್ತಿಸಿದ. ಮತ್ತೆ ಕಲೆ. ಮೂರನೇ ಸಲ ತನ್ನ ಬೆರಳಿಂದ ಅಮ್ಮನ ಬೆರಳನ್ನು ಕಾಗದದ ಮೇಲೆ ಹೊರಳಿಸಿದ. ಅಮ್ಮನ ಬೆರಳ ಸಂದಿ ಯಾವಾಗಲೂ ಸೀಳಿರುತ್ತದೆ. ಸೀಳಿನಿಂದ ನೀರು ಜಿನುಗಿತು. ಅವನು ಸರ್ರನೆ ಕೈ ಬಿಟ್ಟು ತನ್ನ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಎಂಥ ಕೈನಮ್ಮ ಇದು. ಹಲ್ಲಿ ಹೊಟ್ಟೆ ಥರ."

ಅಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಯಾರೋ ಬಯ್ದ ಮಗುವನ್ನು ಎಳೆದುಕೊಳ್ಳುವ ಹಾಗೆ.

ಆ ಕೈಗೆ ಗೆರೆ ಇಲ್ಲ. ಇಪ್ಪತ್ತಾರು ವರ್ಷ ಸೋಡಾ ಪುಡಿ, ಕುದಿನೀರು, ಕಲೆ ತೆಗೆಯುವ ಬಿಳಿ ನೀರು. ಮೂರು ತಿಂಗಳಿಗೆ ಒಂದು ಜೊತೆ ಕೈಗವಸು ಕೊಡುತ್ತಾರೆ, ವಾರಕ್ಕೆ ತೂತು ಬೀಳುತ್ತದೆ. ನಮ್ಮ ಕೋಣೆಯ ಹೆಂಗಸರ ಬೆರಳ ತುದಿಯೆಲ್ಲ ಹಾಗೇ, ಸವೆದ ಸಾಬೂನಿನ ಹಾಗೆ ನುಣ್ಣಗೆ. ಹನ್ನೆರಡು ವರ್ಷದ ಹಿಂದೆ ಬೆರಳಿಟ್ಟು ಹಾಜರಿ ಹಾಕುವ ಯಂತ್ರ ತಂದರು. ಅಮ್ಮನ ಬೆರಳನ್ನು ಯಂತ್ರ ಓದಲೇ ಇಲ್ಲ. ಮೂರು ತಿಂಗಳು ಕೆಲಸಕ್ಕೆ ಬಂದರೂ ಗೈರು ಅಂತಲೇ ತೋರಿಸಿತು, ಸಂಬಳ ಕಡಿದರು. ಕೊನೆಗೆ ಗುಮಾಸ್ತ, ರಿಜಿಸ್ಟರಿನಲ್ಲಿ ಸಹಿ ಹಾಕೋದು ಕಲಿತು ಬಾ ಅಂದ. ಕಲಿಸಿದವಳು ನಾನು. ಆಗ ನನಗೆ ಹತ್ತು ವರ್ಷ. ಹಾಸುಗಳ ಲೆಕ್ಕದ ಚೀಟಿಯ ಹಿಂಬದಿಯಲ್ಲಿ, ಮೂರು ಅಕ್ಷರ, ಹನ್ನೊಂದು ದಿನ. ಆಮೇಲೆ ಉಳಿದ ಹೆಂಗಸರಿಗೂ ಅಮ್ಮನೇ ಕಲಿಸಿದಳು.

ಸೆಂಟಿಗೆ ಇದೊಂದೂ ಗೊತ್ತಿರಲಿಲ್ಲ. ಬಟ್ಟೆ ಒಗೆಯುವವಳು ಅಂದರೆ ಹೆಬ್ಬೆಟ್ಟು, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಅವನಿಗೆ ಸಿಟ್ಟು ಬಂತು. ಬ್ಯಾಗಿನಿಂದ ಇನ್ನೊಂದು ಕಾಗದ ಎಳೆದು ಅಮ್ಮನ ಮುಖಕ್ಕೆ ಹಿಡಿದ.

"ನೋಡು. ಅವತ್ತು ದುಡ್ಡು ಈಸ್ಕೊಳ್ಳೋವಾಗ ಎಷ್ಟು ಚೆನ್ನಾಗಿ ಒತ್ತಿದೀಯ ನೋಡು. ಕೊಡೋವಾಗ ಕೈ ಬರಲ್ವಾ?"

ಅದು ಹಳೆಯ ಸಾಲದ ಪತ್ರ ಅಂತೆ. ಹತ್ತು ವರ್ಷದ ಹಿಂದಿನ ತಾರೀಖು. ಕೆಳಗೆ ಅಮ್ಮನ ಹೆಸರು. ಹೆಸರಿನ ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ದಪ್ಪಗೆ, ನೀಲಿಯಾಗಿ, ಒಂದೊಂದು ಗೆರೆಯೂ ಎಣಿಸುವ ಹಾಗೆ. ಸುಳಿ ಸುಳಿಯಾಗಿ. ನಡುವೆ ಅಡ್ಡಕ್ಕೆ ಒಂದು ಗಾಯದ ಗುರುತು.

ನಾನು ಆ ಕಾಗದ ಕೈಗೆ ತೆಗೆದುಕೊಂಡೆ. ತೋರಿಸುವ ಹುಮ್ಮಸ್ಸಿನಲ್ಲಿ ಅವನೇ ಬಿಟ್ಟ.

"ಇದು ಯಾರದು?" ಅಂದೆ.

ಅವನಿಗೆ ಕೇಳಿಸಲಿಲ್ಲ. ನನ್ನ ಧ್ವನಿ ಅಷ್ಟೇ. ಇನ್ನೊಂದು ಸಲ ಅಂದೆ. "ಈ ಹೆಬ್ಬೆಟ್ಟು ಯಾರದು?"

"ನಿಮ್ಮಮ್ಮಂದು. ಇನ್ಯಾರದು, ನಿಮ್ಮಜ್ಜಿದಾ?"

ಅಮ್ಮ ಕತ್ತು ಚಾಚಿ ನೋಡಿದಳು. ಪತ್ರ ನೋಡಿದಳು, ತನ್ನ ಬೆರಳು ನೋಡಿದಳು, ಮತ್ತೆ ಪತ್ರ. ಅವಳ ಮುಖದಲ್ಲಿ ಒಂಬತ್ತು ದಿನದ ಹೆದರಿಕೆ ಒಂದು ಕಡೆಯಿಂದ ಇಳಿಯತೊಡಗಿದ್ದು ನನಗೆ ಕಂಡಿತು. ಹೊಲಸು ಹಾಸನ್ನು ನೀರಿಗೆ ಹಾಕಿದಾಗ ಮೊದಲ ಬಣ್ಣ ಬಿಡುತ್ತದಲ್ಲ, ಹಾಗೆ.

"ಆ ಹೊತ್ತಿಗೆ ನನ್ನ ಬೆರಳಲ್ಲಿ ಗೆರೆ ಇರಲಿಲ್ಲ," ಅಂದಳು. "ನಾನು ಆ ಸಾಲಕ್ಕೆ ಸಹಿ ಹಾಕಿದ್ದೆ. ರಿಜಿಸ್ಟರು ಬಿಟ್ಟು ಬೇರೆ ಕಡೆ ಹಾಕಿದ ಮೊದಲ ಸಹಿ ಅದು. ಮರೆಯೋದಿಲ್ಲ ನನಗೆ."

ಸೆಂಟು ಕಣ್ಣು ಕೆಳಗೆ ಹಾಕಿದ. ಅವನಿಗೆ ನಾಚಿಕೆ ಆಯಿತೇನೋ ಅಂದುಕೊಂಡೆ. ನಾಚಿಕೆ ಅಲ್ಲ, ಲೆಕ್ಕ ಹಾಕುತ್ತಿದ್ದ. ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಅಮ್ಮನ ಮುಂದೆ ಹಿಡಿದ.

"ಸಹಿ ಬರುತ್ತಾ? ಒಳ್ಳೇದೇ ಆಯ್ತಲ್ಲ. ಸಹಿನೇ ಹಾಕು."

ಇದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಸುಳ್ಳು ಸಿಕ್ಕಿಬಿದ್ದು ಎರಡು ಉಸಿರೂ ಆಗಿರಲಿಲ್ಲ. ಅದೇ ಬಾಯಿ, ಅದೇ ಬೆಣ್ಣೆ. ಸತ್ತ ಇಲಿಯನ್ನು ಬಾಲ ಹಿಡಿದು ಎಸೆದ ಕೈಯಲ್ಲೇ ಊಟಕ್ಕೆ ಕೂತ ಹಾಗೆ.

ಅಮ್ಮ ಪೆನ್ನು ತೆಗೆದುಕೊಂಡಳು. ಸಹಿ ಹಾಕುವಾಗ ಅವಳು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಾಳೆ. ನಾಲಿಗೆ ಕಾಣುತ್ತದೋ ಅಂತ ನೋಡಿದೆ. ಕಾಣಲಿಲ್ಲ. ಅವಳು ಮಂಚದ ಮೇಲೆ ಬಿದ್ದಿದ್ದ ಮುಚ್ಚಳ ಹುಡುಕಿ, ಪೆನ್ನಿಗೆ ಹಾಕಿ, ಅವನ ಕಾಗದದ ಮೇಲಿಟ್ಟಳು.

"ಹಾಕಲ್ಲ. ಹನ್ನೊಂದು ದಿನ ಕೂತು ಕಲಿತಿದ್ದು ಇದಕ್ಕಲ್ಲ."

ಬೆಣ್ಣೆ ಕರಗಿತು. ನಾಳೆನೇ ಕೇಸು, ನಾಳೆನೇ ಪೊಲೀಸು, ಬೀದಿಗೆ ತರ್ತೀನಿ, ಮಗಳ ಕೆಲಸ ತೆಗೆಸ್ತೀನಿ ಅಂತ ಎದ್ದು ನಿಂತ.

"ಹಾಕಿ," ಅಂದೆ ನಾನು. "ಕೋರ್ಟಿಗೆ ಹಾಕಿ. ಈ ಹೆಬ್ಬೆಟ್ಟು ಅಲ್ಲೇ ತೋರಿಸೋಣ."

ಆಗ ಅವನಿಗೆ ಪತ್ರ ನನ್ನ ಕೈಯಲ್ಲಿರುವುದು ನೆನಪಾಯಿತು. ಕೊಡು ಅಂದ. ನಾನು ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯೊಳಗೆ ತುರುಕಿಕೊಂಡೆ. ಕಂಬಕ್ಕೆ ಜೀವ ಬಂತು. ಅವನು ಎರಡು ಹೆಜ್ಜೆ ಇಟ್ಟು ನನ್ನ ಕಡೆ ಕೈ ಚಾಚಿದ. ಆ ಕೈ ಎಲ್ಲಿಗೆ ಬರುತ್ತಿದೆ ಅಂತ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾನು ಕಿರುಚಿದೆ. ನನ್ನೊಳಗೆ ಅಂಥ ಧ್ವನಿ ಇದೆ ಅಂತ ನನಗೇ ತಿಳಿದಿರಲಿಲ್ಲ. ಒಂಬತ್ತು ದಿನದಿಂದ ಗೋಡೆಗೆ ಕಿವಿ ಕೊಟ್ಟಿದ್ದ ನೆರೆಯವರೆಲ್ಲ ಬಾಗಿಲಿಗೆ ಬಂದರು. ಎದುರುಮನೆಯ ಅಜ್ಜಿ ಮುಂದೆ ನಿಂತಿದ್ದಳು, ಕೈಯಲ್ಲಿ ಪೊರಕೆ. ಚಾಚಿದ ಕೈ ಗಾಳಿಯಲ್ಲೇ ನಿಂತಿತು.

"ಹೆಣ್ಣುಮಗಳ ಎದೆಗೆ ಕೈ ಹಾಕಿ ವಸೂಲಿ ಮಾಡೋದು ಯಾವ ಕೋರ್ಟಪ್ಪಾ?" ಅಂದಳು ಅಜ್ಜಿ.

ಅವರು ಹೋದರು. ಸೆಂಟಿನ ವಾಸನೆ ಸಂಜೆಯವರೆಗೂ ಹೋಗಲಿಲ್ಲ. ಅಮ್ಮ ಕುರ್ಚಿಯನ್ನು ಹೊರಗೆ ಹಾಕಿ ಸೋಡಾ ನೀರಲ್ಲಿ ಉಜ್ಜಿದಳು.

ಮರುದಿನ ಕೆಲಸಕ್ಕೆ ಆ ಪತ್ರ ತೆಗೆದುಕೊಂಡು ಹೋದೆ. ಆಣೆ ಮುರಿಯಲು ಅಮ್ಮನೇ ಹೇಳಿದ್ದಳು. ಊಟದ ಹೊತ್ತಿನಲ್ಲಿ ಯಂತ್ರ ನಿಂತಾಗ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕನ ಮುಂದೆ ಬಿಚ್ಚಿಟ್ಟೆ. ದೊಡ್ಡಕ್ಕನ ಬಾಯಿ ಅಂದರೆ ಗುತ್ತಿಗೆದಾರನೂ ಹೆದರುತ್ತಾನೆ. ಅವಳು ಪತ್ರ ನೋಡಿ ಬಯ್ಯಲಿಲ್ಲ. ಸುಮ್ಮನೆ ಎದ್ದು ತನ್ನ ಚೀಲದ ತಳದಿಂದ ಒಂದು ಕಾಗದ ತೆಗೆದಳು. ತಕ್ಕಡಿಯ ಚಿತ್ರ. ಅದರ ಜೊತೆಗೆ ಒಂದು ಸಾಲದ ಪತ್ರ. ದಪ್ಪ, ನೀಲಿ, ಸುಳಿ ಸುಳಿ, ನಡುವೆ ಅಡ್ಡ ಗಾಯ.

ಕೊಳವೆಯ ಹತ್ತಿರ ಕೂತಿದ್ದವಳು ಅಳತೊಡಗಿದಳು. ಅವಳು ಆಗಲೇ ಇಪ್ಪತ್ತು ಸಾವಿರ ಕಟ್ಟಿದ್ದಳು, ಗಂಡನಿಗೂ ಹೇಳದೆ, ಬಳೆ ಮಾರಿ. ಇನ್ನೊಬ್ಬಳು ಮೂರು ತಿಂಗಳಿಂದ ಕಟ್ಟುತ್ತಿದ್ದಳು. ಒಟ್ಟು ಐದು ಮನೆಗೆ ಬಂದಿದ್ದರು. ಒಬ್ಬೊಬ್ಬಳೂ ಮನೆಯವರಿಗೆ ಕಾಣದ ಹಾಗೆ ಚೀಲದಲ್ಲಿಟ್ಟಿದ್ದ ಪತ್ರ ತೆಗೆದಳು, ಎಲ್ಲದರಲ್ಲೂ ಅದೇ ಹೆಬ್ಬೆಟ್ಟು. ಐದೂ ಜನ ದಿನವಿಡೀ ಅಕ್ಕಪಕ್ಕ ನಿಂತು ಒಂದೇ ಹಾಸಿನ ನಾಲ್ಕು ತುದಿ ಹಿಡಿದು ಹಿಂಡುವವರು. ಒಬ್ಬಳು ಇನ್ನೊಬ್ಬಳಿಗೆ ಹೇಳಿರಲಿಲ್ಲ. ಕಂಡವರ ಮಲ ಮುಟ್ಟಲು ನಾಚದವರು ಸಾಲ ಅನ್ನುವ ಮಾತಿಗೆ ನಾಚಿ ಸತ್ತಿದ್ದೆವು. ಅವರ ಬಂಡವಾಳ ಅದೇ ಅಂತ ನನಗೆ ಆಗ ತಿಳಿಯಿತು.

"ಐದು ಜನಕ್ಕೆ ಒಂದೇ ಹೆಬ್ಬೆಟ್ಟು," ಅಂದಳು ದೊಡ್ಡಕ್ಕ. "ನಾವು ಇಷ್ಟು ಹತ್ತಿರದ ನೆಂಟರು ಅಂತ ನನಗೆ ಗೊತ್ತಿರಲಿಲ್ಲ ಕಣ್ರೇ."

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕೆವು, ಅಳುತ್ತಿದ್ದವಳೂ.

ಆ ಮಧ್ಯಾಹ್ನ ಯಂತ್ರ ಹಾಕಲಿಲ್ಲ. ಆಪರೇಷನ್ ಕೋಣೆಯ ಗಂಟು ಮಾತ್ರ ಒಗೆದು ಮೇಲೆ ಕಳಿಸಿದೆವು. ರೋಗಿಗಳು ನಮ್ಮ ಮೇಲೆ ಕೇಸು ಹಾಕಿರಲಿಲ್ಲ. ಉಳಿದದ್ದು ಕೊಳವೆಯಿಂದ ಬಿದ್ದಲ್ಲೇ ಬಿತ್ತು. ಮೂರು ಗಂಟೆಗೆ ಗುಡ್ಡವಾಯಿತು. ವಾಸನೆ ಮೆಟ್ಟಿಲು ಹತ್ತಿತು. ಅದರ ಹಿಂದೆಯೇ ಗುಮಾಸ್ತ ಮೆಟ್ಟಿಲು ಇಳಿದ, ಮೂಗಿಗೆ ಕರವಸ್ತ್ರ ಹಿಡಿದು. ಯಾರು ಶುರು ಮಾಡಿದ್ದು ಅಂತ ಕೇಳಿದ.

ನಾನು ಯಾವತ್ತೂ ಹಿಂದಿನ ಸಾಲಿನವಳು. ಆದರೆ ಹಿಂದಿನ ದಿನ ಕಿರುಚಿದ ಗಂಟಲು ಇನ್ನೂ ಒಡೆದಿತ್ತು, ಮುಚ್ಚಿಕೊಂಡಿರಲಿಲ್ಲ. ನಾನೇ ಅಂದೆ. ನಮ್ಮ ಹೆಸರು, ನಮ್ಮ ಹಳೆ ಸಾಲ, ಅಮ್ಮನಿಗೆ ದುಡ್ಡು ಬಂದ ದಿನ, ಇಷ್ಟೂ ಒಟ್ಟಿಗೆ ಇದ್ದದ್ದು ನಿಮ್ಮ ಮೇಜಿನ ಮೇಲೆ ಮಾತ್ರ ಅಂದೆ. ನಮ್ಮವರು ಆಗಲೇ ಸಹಿ ಹಾಕುತ್ತಿದ್ದರು ಅಂತ ತೋರಿಸಬೇಕು, ಹಳೆಯ ರಿಜಿಸ್ಟರಿನ ನಕಲು ಕೊಡುವವರೆಗೆ ಯಂತ್ರ ಹಾಕಲ್ಲ ಅಂದೆ. ಅವನು ಇಲ್ಲ ಅನ್ನಲಿಲ್ಲ. ನಾಳೆಯಿಂದ ನೀನು ಬರಬೇಡ ಅಂದ.

"ಆಗಲಿ," ಅಂದಳು ದೊಡ್ಡಕ್ಕ. "ನಾಳೆಯಿಂದ ಯಾರೂ ಬರಲ್ಲ. ನೀವೇ ಒಗೀರಿ. ಬಿಳಿ ನೀರು ಆ ಮೂಲೇಲಿದೆ."

ಅವನು ಗುಡ್ಡ ನೋಡಿದ. ಅದರ ತುದಿಯಿಂದ ಒಂದು ಹಾಸು ಜಾರಿ ಅವನ ಷೂ ಮೇಲೆ ಬಿತ್ತು. ಅವನು ಅಲ್ಲೇ ವಾಂತಿ ಮಾಡಿಕೊಂಡ. ಯಾರೂ ಒರೆಸಲು ಹೋಗಲಿಲ್ಲ. ಐದು ಗಂಟೆಗೆ ಹಳೆಯ ಹಾಜರಿ ರಿಜಿಸ್ಟರಿನ ನಕಲು ಕೆಳಗೆ ಬಂತು. ಹತ್ತು ವರ್ಷದ ಹಿಂದಿನ ಪುಟಗಳು. ಪ್ರತಿ ಹೆಸರಿನ ಮುಂದೆ ಸಹಿ. ಪುಟದ ಮೇಲುಗಡೆ ಅವನದೇ ಕೈಬರಹ: ಇವರ ಬೆರಳು ಯಂತ್ರಕ್ಕೆ ಬರುವುದಿಲ್ಲ. ನಾಳೆಯಿಂದ ಬರಬೇಡ ಅನ್ನುವ ಮಾತು ಮತ್ತೆ ಎತ್ತಲಿಲ್ಲ.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ನಡೆದೆವು. ಅಮ್ಮನೂ ಬಂದಳು. ನೋಟಿಸು ಬಂದವರು ಐದು, ಬಾರದವರು ಆರು, ಒಟ್ಟು ಹನ್ನೊಂದು. ಮೇಜಿನ ಹಿಂದೆ ಕೂತವನು, ಸಾಲದ ವಿಷಯ ಕೋರ್ಟಿನದು, ನಮ್ಮದಲ್ಲ ಅಂದ. ಇದು ಸಾಲದ ವಿಷಯ ಅಲ್ಲ, ಕಳ್ಳ ಹೆಬ್ಬೆಟ್ಟಿನ ವಿಷಯ ಅಂತ ನಾನು ಐದೂ ಪತ್ರವನ್ನು ಸಾಲಾಗಿ ಇಟ್ಟೆ. ಅವನು ಬಗ್ಗಿ ನೋಡಿದ. ಮೊದಲನೆಯದು, ಎರಡನೆಯದು. ಮೂರನೆಯದಕ್ಕೆ ಕುರ್ಚಿ ಹತ್ತಿರ ಎಳೆದುಕೊಂಡ. ಒಂದು ತಾಸು ಬರೆದ. ಕೊಟ್ಟ ದುಡ್ಡು ವಾಪಸ್ ಬರುತ್ತದಾ ಅಂತ ಬಳೆ ಮಾರಿದವಳು ಕೇಳಿದಳು. ಹೇಳಕ್ಕಾಗಲ್ಲ ಅಂದ. ಇವತ್ತಿನವರೆಗೂ ಬಂದಿಲ್ಲ.

ಬರೆದು ಮುಗಿಸಿ, ನಮ್ಮ ಮುಖ ನೋಡದೆ, ಅವನು ಮೇಜಿನ ಮೇಲಿಂದ ಒಂದು ಮಸಿಯ ಡಬ್ಬಿಯನ್ನು ನಮ್ಮ ಕಡೆ ತಳ್ಳಿದ.

"ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿ."

ಯಾರೂ ಡಬ್ಬಿ ಮುಟ್ಟಲಿಲ್ಲ. ಅವನು ತಲೆ ಎತ್ತಿದ. ಅಮ್ಮ ಮುಂದೆ ಹೋಗಿ ಎರಡೂ ಹೆಬ್ಬೆರಳನ್ನು ಅವನ ಮುಖದ ಹತ್ತಿರ ಹಿಡಿದಳು. ದೀಪಕ್ಕೆ ಹೊಳೆಯುತ್ತಿದ್ದವು.

"ಇವುಗಳ ಗೆರೆ ಆಸ್ಪತ್ರೆ ಹಾಸು ಒಗೆದೇ ಹೋಯ್ತು ಸ್ವಾಮಿ. ಪೆನ್ನು ಕೊಡಿ."

ಅವನ ಹತ್ತಿರ ಇದ್ದದ್ದು ಒಂದೇ ಪೆನ್ನು. ಹನ್ನೊಂದು ಜನ ಸಾಲಾಗಿ ನಿಂತೆವು. ಬರೆಯುವುದು ನಮಗೆ ನಿಧಾನ. ಅವನು ಕಾಯಬೇಕಾಯಿತು.